ಕಪ್ಪಾಗಿ ಕಂಡದ್ದೆಲ್ಲ ಖಾಲಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ವಿಜ್ಞಾನ ಪುಟದಲ್ಲಿ ಪ್ರಕಟವಾದ, ಉರಗಧರ ನಕ್ಷತ್ರಪುಂಜದ ಬರ್ನಾರ್ಡ್ 68 ಎಂಬ ಕಪ್ಪು ಕಲೆಯ ಚಿತ್ರಕ್ಕೆ ‘ನಕ್ಷತ್ರಗಳೇ ಇಲ್ಲದ ಶೂನ್ಯ ಪ್ರದೇಶ’ ಎಂಬ ಅಡಿಬರಹವಿತ್ತು. ವಾಸ್ತವ ಇದಕ್ಕೆ ತೀರ ವಿರುದ್ಧ. ಆ ಕಪ್ಪು ಕಲೆ ಒಂದು ಅಣುಮೋಡ, ಅಂದರೆ ಅನಿಲವು ಬಹುಪಾಲು ಅಣುಗಳ ರೂಪದಲ್ಲಿರುವ ಮೋಡ. ಅನಿಲವೂ ದೂಳೂ ಅಲ್ಲಿ ಸುತ್ತಲಿಗಿಂತ ಒತ್ತಾಗಿ ಸೇರಿರುವುದರಿಂದಲೇ ಹಿಂದಿನ ನಕ್ಷತ್ರಗಳ ಬೆಳಕು ನಮ್ಮನ್ನು ಮುಟ್ಟುವುದಿಲ್ಲ. ಅದೇ ಜಾಗವನ್ನು ಅವಕೆಂಪು ಕಿರಣಗಳಲ್ಲಿ ನೋಡಿದರೆ ಮರೆಯಾಗಿದ್ದ ನಕ್ಷತ್ರಗಳು ಮೊದಲು ಅಂಚಿನಲ್ಲಿ, ತರಂಗಾಂತರ ಹೆಚ್ಚಿದಂತೆ ನಡುಭಾಗದಲ್ಲೂ ಕಾಣತೊಡಗುತ್ತವೆ. ಇದನ್ನು ಖಾಲಿ ರಂಧ್ರವೆಂದು ಭಾವಿಸುವ ತಪ್ಪು ಹದಿನೆಂಟನೇ ಶತಮಾನದ ಖಗೋಳಜ್ಞ ವಿಲಿಯಂ ಹರ್ಷೆಲ್ ಕಾಲದಷ್ಟು ಹಳೆಯದು, ಆದ್ದರಿಂದ ನಿಮ್ಮ ವರದಿಗಾರರನ್ನು ಹೆಚ್ಚು ದೂರುವಂತಿಲ್ಲ.

ಆದರೆ ವರದಿಯೊಳಗಿನ ‘ದಟ್ಟ ದೂಳಿನ ಮೋಡ’ ಎಂಬ ಮಾತೂ ಓದುಗರ ದಾರಿ ತಪ್ಪಿಸುತ್ತದೆ. ಇಂಥ ಮೋಡದ ದ್ರವ್ಯರಾಶಿಯಲ್ಲಿ ದೂಳಿನ ಪಾಲು ನೂರಕ್ಕೆ ಒಂದರಷ್ಟು. ಉಳಿದದ್ದು ಬಹುಪಾಲು ಹೈಡ್ರೋಜನ್, ಮತ್ತೆ ಹೀಲಿಯಂ. ದಟ್ಟವೆಂಬುದೂ ಅಲ್ಲಿಯ ಲೆಕ್ಕಕ್ಕೆ ಮಾತ್ರ. ತಿರುಳಿನಲ್ಲಿ ಘನ ಸೆಂಟಿಮೀಟರಿಗೆ ಕೆಲವು ಲಕ್ಷ ಅಣುಗಳಿದ್ದರೆ ಹೆಚ್ಚು. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದ ಅಣುಗಳನ್ನು ಬರೆಯಲು 25ರ ಮುಂದೆ 18 ಸೊನ್ನೆ ಹಾಕಬೇಕು. ಇಷ್ಟು ತೆಳುವಾದದ್ದು ಬೆಳಕನ್ನು ತಡೆಯುವುದು ಮೋಡದ ಅಗಾಧ ಗಾತ್ರದಿಂದ: ಪುಟ್ಟದೆನಿಸಿದ ಬರ್ನಾರ್ಡ್ 68 ಕೂಡ ಸುಮಾರು ಅರ್ಧ ಜ್ಯೋತಿರ್ವರ್ಷ ಅಗಲವಿದೆ.

ಆ ಒಂದು ಪಾಲು ದೂಳು ಮಾಡುವ ಕೆಲಸವನ್ನು ವರದಿ ಬಿಟ್ಟೇಬಿಟ್ಟಿದೆ. ಎರಡು ಹೈಡ್ರೋಜನ್ ಪರಮಾಣುಗಳು ಬಯಲಲ್ಲಿ ಡಿಕ್ಕಿಯಾದರೆ, ಹೆಚ್ಚುವರಿ ಶಕ್ತಿಯನ್ನು ಕಳೆದುಕೊಳ್ಳುವ ದಾರಿಯಿಲ್ಲದೆ, ಅಣುವಾಗದೆ ಮತ್ತೆ ಬೇರೆಯಾಗುತ್ತವೆ. ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತನೇ ಒಂದಂಶದಷ್ಟಿರುವ ಸಿಲಿಕೇಟ್ ಅಥವಾ ಇಂಗಾಲದ ಕಣವೊಂದರ ಮೇಲೆ ಬಂದು ಅಂಟಿದ ಪರಮಾಣು ಅಲ್ಲೇ ತೆವಳುತ್ತ ಇನ್ನೊಂದನ್ನು ಸಂಧಿಸಿದರೆ, ಆ ಶಕ್ತಿಯ ಒಂದಿಷ್ಟನ್ನು ಕಣವೇ ಹೀರಿಕೊಳ್ಳುತ್ತದೆ. ಹುಟ್ಟಿದ ಅಣು ಮೇಲ್ಮೈಯಿಂದ ಕಳಚಿ ಹಾರುತ್ತದೆ. ಹಾಗೆ ಹುಟ್ಟಿದ್ದನ್ನು ನೇರಳಾತೀತ ಕಿರಣಗಳು ಒಡೆಯದಂತೆ ಮರೆಯಾಗಿ ನಿಲ್ಲುವುದರಲ್ಲೂ ದೂಳಿಗೆ ಪಾಲಿದೆ. ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆ ಚಳಿಯಲ್ಲಿ ನೀರು, ಕಾರ್ಬನ್ ಮಾನಾಕ್ಸೈಡ್‌ಗಳು ಅದೇ ಕಣಗಳ ಮೇಲೆ ಹಿಮದ ಪದರವಾಗಿ ಕೂರುತ್ತವೆ.

ಇಷ್ಟು ತಣ್ಣಗಿರುವ ಹೈಡ್ರೋಜನ್ ಅಣು ತಾನಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ಹೀಗಾಗಿ ಖಗೋಳಜ್ಞರು 1970ರಲ್ಲಿ ಒರಾಯನ್ ನೀಹಾರಿಕೆಯಲ್ಲಿ ಪತ್ತೆಯಾದ, ಕಾರ್ಬನ್ ಮಾನಾಕ್ಸೈಡಿನ 2.6 ಮಿಲಿಮೀಟರ್ ರೇಡಿಯೊ ತರಂಗದ ಜಾಡು ಹಿಡಿದು ಮೋಡಗಳ ನಕ್ಷೆ ಬರೆಯುತ್ತಾರೆ.

ಅಡಿಬರಹಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದೂ, ಮುಂದೆ ಇಂಥ ಚಿತ್ರಗಳನ್ನು ಯಾವ ತರಂಗಾಂತರದಲ್ಲಿ ತೆಗೆದದ್ದೆಂದು ಜೊತೆಗೇ ತಿಳಿಸಬೇಕೆಂದೂ ಕೋರುತ್ತೇನೆ.

— ಒಬ್ಬ ಓದುಗ