ಕನ್ನಡಿ ತೂಗುಹಾಕುವ ಮುನ್ನ ಗೋಡೆ ನೋಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶದ ಬೆನ್ನಿಗೇ ಗೋಡೆಗೆ ದೊಡ್ಡ ಕನ್ನಡಿ, ಫ್ರೇಮುಗಳು ಬರುತ್ತವೆ. ಅವನ್ನು ಒಂದಿಂಚಿನ ಮೊಳೆಗೆ ನೇತುಹಾಕುವುದು ನಿಜಕ್ಕೂ ಅಪಾಯ. ಒಳಗೋಡೆಯ ಗಿಲಾವೇ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಇರುತ್ತದೆ, ಮೊಳೆ ಇಟ್ಟಿಗೆ ಮುಟ್ಟುವುದು ಅಷ್ಟಕ್ಕಷ್ಟೆ. 2 ಅಡಿ ಅಗಲ, 3 ಅಡಿ ಎತ್ತರದ 5 ಮಿ.ಮೀ. ಗಾಜೊಂದೇ ಸುಮಾರು 7 ಕೆ.ಜಿ. ತೂಗುತ್ತದೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

6 ಮಿ.ಮೀ. ಡ್ರಿಲ್ ಬಿಟ್‌ನಿಂದ 45 ಮಿ.ಮೀ. ಆಳ ಕೊರೆದು, ರಾಲ್‌ಪ್ಲಗ್ (ಸ್ಕ್ರೂ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಗಿಲಾವು ದಾಟಿ ಇಟ್ಟಿಗೆಯೊಳಗೆ ಕೂರುವಂತೆ ಹೊಡೆದು, ಎರಡಿಂಚಿನ ಸ್ಕ್ರೂ ಬಿಗಿಯಬೇಕು. ರಂಧ್ರದ ಪುಡಿಯನ್ನು ಊದಿ ತೆಗೆಯದಿದ್ದರೆ ಪ್ಲಗ್ ತಿರುಗುತ್ತಲೇ ಇರುತ್ತದೆ. ಬಹಳ ಮಂದಿ ಬಿಡುವುದು ಇದನ್ನೇ. ಭಾರದ ಕನ್ನಡಿಗೆ ಎರಡು ಕಡೆ ಹುಕ್ ಬೇಕು. ಪ್ಲಾಸ್ಟಿಕ್ ದಾರ ಬೇಡ, ಲೋಹದ ತಂತಿಯೇ ಇರಲಿ.

ಕನ್ನಡಿಯ ಅಂಚು ಕಪ್ಪಾಗುವುದು ತೇವದಿಂದ. ಹಿಂಬದಿಯ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ ಗಾಳಿಯಾಡಲು ಬಿಡಿ. ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಹಚ್ಚಿದರೆ ಹಿಂಬದಿಯ ಲೇಪನ ಹಾಳಾಗುತ್ತದೆ. ನ್ಯೂಟ್ರಲ್ ಸಿಲಿಕೋನ್ ಕೇಳಿ ಪಡೆಯಿರಿ.

ಚಿತ್ರದುರ್ಗದ ಕಡೆಯ ಹಳೆಯ ಮಣ್ಣಿನ ಗೋಡೆಗಳಿಗೆ ಡ್ರಿಲ್ ಹಾಕಬೇಡಿ, ಮಣ್ಣು ಉದುರುತ್ತದೆ. ತೊಲೆಯಿಂದ ತಂತಿ ಇಳಿಬಿಡುವುದು ಲೇಸು.

ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಎಂದೂ ಕೊರೆಯಬೇಡಿ. ವೈರಿನ ಪೈಪು ಅಲ್ಲೇ ಹಾದುಹೋಗಿರುತ್ತದೆ. ಮನೆ ಕಟ್ಟಿಸುತ್ತಿರುವವರು ಗಿಲಾವಿಗೆ ಮುಂಚೆಯೇ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಲಿ.

– ಒಬ್ಬ ಓದುಗ, ದಾವಣಗೆರೆ