ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ?

ಸಂಪಾದಕರಿಗೆ,

ಮಳೆಗಾಲದಲ್ಲಿ ಎಲ್ಲಾದರೂ ವಾಂತಿಭೇದಿ ಕಾಣಿಸಿಕೊಂಡರೆ ಮರುದಿನದ ಪತ್ರಿಕೆಯಲ್ಲಿ ಬರುವ ಚಿತ್ರ ಒಂದೇ: ಓವರ್‌ಹೆಡ್ ಟ್ಯಾಂಕ್ ಹತ್ತಿದ ಯಾರೋ ಬ್ಲೀಚಿಂಗ್ ಪೌಡರ್ ಸುರಿಯುತ್ತಿರುತ್ತಾರೆ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಆಮೇಲೂ ನಮ್ಮ ಲೆಕ್ಕ ಟ್ಯಾಂಕಿಗೆ ಎಷ್ಟು ಪುಡಿ ಬಿತ್ತು ಎಂಬಲ್ಲಿಗೇ ನಿಂತಿದೆ. ಊರಿನ ಕಟ್ಟಕಡೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಎಂದು ಕೇಳುವವರು ಕಡಿಮೆ.

ಕುಡಿಯುವ ನೀರಿನ ಭಾರತೀಯ ಮಾನದಂಡದ (ಐಎಸ್ 10500) ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವೈರಸ್ ಸೋಂಕಿನಿಂದ ರಕ್ಷಣೆ ಬೇಕೆಂದಾಗ 0.5. ಇನ್ನು 100 ಮಿ.ಲೀ. ನೀರಿನಲ್ಲಿ, ಮಲ ಬೆರೆತಿರುವುದನ್ನು ತೋರಿಸುವ ಇ-ಕೋಲೈ ಜೀವಾಣು ಒಂದೂ ಕಾಣಬಾರದು.

ಪುಡಿಯ ಲೆಕ್ಕ ಕಷ್ಟದ್ದಲ್ಲ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 1 ಮಿ.ಗ್ರಾಂನಂತೆ ಕೊಡಲು 50 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುವುದರಿಂದ 150 ಗ್ರಾಂ ಸಾಕು. ಎಡವುವುದು ಚೀಲದಲ್ಲಿ. ಬಾಯಿ ತೆರೆದ ಚೀಲ ಪಂಪ್‌ಹೌಸಿನ ಸೆಕೆಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಕ್ಲೋರಿನ್ ಹಾರಿಹೋಗಿ ಉಳಿಯುವುದು ಹೆಚ್ಚಾಗಿ ಸುಣ್ಣ. ಅದರ ಬಲ ಶೇ 15ಕ್ಕೆ ಇಳಿದಿದ್ದರೆ ಅದೇ 150 ಗ್ರಾಂನಿಂದ ಲೀಟರಿಗೆ ಅರ್ಧ ಮಿ.ಗ್ರಾಂ ಕೂಡ ಸಿಗುವುದಿಲ್ಲ. ಪುಡಿಯನ್ನು ಒಣದಾಗಿ ಸುರಿಯುವುದೂ ತಪ್ಪು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮುದ್ದೆಯಂತೆ ಕಲಸಬೇಕು, ಮತ್ತೆ ನೀರು ಬೆರೆಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ, ಟ್ಯಾಂಕಿಗೆ ನೀರು ಏರುತ್ತಿರುವಾಗ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಟ್ಯಾಂಕ್ ತುಂಬಿ ಅರ್ಧ ಗಂಟೆಯಾದರೂ ಆಗುವ ಮೊದಲು ವಾಲ್ವ್ ತಿರುಗಿಸಬಾರದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೊನೆಯ ಬೀದಿಯಲ್ಲಿ ಕ್ಲೋರಿನ್ ಸೊನ್ನೆ ಬರಬಹುದು. ಆ ಸೊನ್ನೆಗೆ ಬೆಲೆಯಿದೆ. ಟ್ಯಾಂಕಿನ ಬಳಿ 0.5 ಇದ್ದದ್ದು ಅಲ್ಲಿ ಮಾಯವಾಗಿದ್ದರೆ ದಾರಿಯಲ್ಲಿ ಯಾವುದೋ ಕೊಳೆ ಅದನ್ನು ತಿಂದಿರುವ ಸಾಧ್ಯತೆ ಹೆಚ್ಚು. ನಮ್ಮ ಊರುಗಳಿಗೆ ನೀರು ಬರುವುದು ದಿನಕ್ಕೆ ಒಂದೆರಡು ಗಂಟೆ, ಕೆಲವು ಕಡೆ ಮೂರು ದಿನಕ್ಕೊಮ್ಮೆ. ನೀರು ನಿಂತೊಡನೆ ಪೈಪಿನಲ್ಲಿ ಒತ್ತಡ ಬೀಳುತ್ತದೆ; ಬಿರುಕಿನಿಂದ ಹೊರಗೆ ಸೋರುತ್ತಿದ್ದದ್ದು ಈಗ ಒಳಗೆ ಜಿನುಗುತ್ತದೆ. ಪೈಪು ಚರಂಡಿಯೊಳಗೇ ಹಾದು ಹೋಗಿದ್ದರೆ ಒಳಗೆ ಬರುವುದು ಚರಂಡಿ ನೀರೇ. ಒತ್ತಡ ಸಾಲದೆಂದು ಮನೆ ಮುಂದೆ ಎರಡಡಿ ಗುಂಡಿ ತೆಗೆದು ಅದರೊಳಗೆ ನಲ್ಲಿ ಇಟ್ಟಿರುವುದನ್ನು ಎಲ್ಲರೂ ನೋಡಿದ್ದೇವೆ. ಮಳೆ ಬಂದಾಗ ಗುಂಡಿ ತುಂಬುತ್ತದೆ, ತಿರುಪಿಲ್ಲದ ನಲ್ಲಿಯ ಬಾಯಿ ಆ ರಾಡಿಯಲ್ಲಿ ಮುಳುಗಿರುತ್ತದೆ. ಪಕ್ಕದ ಮನೆಯವರು ಲೈನಿಗೇ ಮೋಟಾರು ಹಚ್ಚಿದರಂತೂ ಆ ರಾಡಿ ನೇರವಾಗಿ ಪೈಪಿಗೆ. ನೀರು ಬಿಟ್ಟಾಗ ಮೊದಲು ಬರುವ ಕೊಡವನ್ನು ಗಿಡಕ್ಕೆ ಸುರಿಯುವ ಹಳೆಯ ರೂಢಿ ಒಳ್ಳೆಯದೇ. ಅದರಿಂದ ಬಿರುಕು ಮುಚ್ಚುವುದಿಲ್ಲ ಅಷ್ಟೆ.

ಅಳೆಯಲು ಬೇಕಾದದ್ದು ಕ್ಲೋರೋಸ್ಕೋಪ್. ಗಾಜಿನ ನಳಿಕೆಗೆ ಗುರುತಿನವರೆಗೆ ನಲ್ಲಿ ನೀರು ತುಂಬಿ, ಓಟಿ (ಆರ್ಥೊಟಾಲಿಡಿನ್) ದ್ರಾವಣದ ಹನಿ ಹಾಕಿದರೆ ಹಳದಿ ಬರುತ್ತದೆ. ಹತ್ತು ಸೆಕೆಂಡಿನೊಳಗೆ ಕಿಟ್ಟಿನಲ್ಲಿರುವ ಬಣ್ಣದ ಅಳತೆಯೊಂದಿಗೆ ಹೋಲಿಸಿ ನೋಡಬೇಕು. ಮಾತಾಡುತ್ತ ಐದು ನಿಮಿಷ ಬಿಟ್ಟು ನೋಡಿದರೆ, ಕೊಳೆಯೊಂದಿಗೆ ಕೂಡಿಕೊಂಡು ದುರ್ಬಲವಾದ ಕ್ಲೋರಿನ್ನೂ ಬಣ್ಣ ಕೊಟ್ಟು ಅಂಕಿ ಏರುತ್ತದೆ. ಓಟಿ ವಿಷಕಾರಿ, ಪರೀಕ್ಷಿಸಿದ ನೀರನ್ನು ಕೊಡಕ್ಕೆ ಮರಳಿ ಸುರಿಯಬಾರದು. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆ ಇದಕ್ಕಿಂತ ವಾಸಿ. ಆದರೆ ಕ್ಲೋರಿನ್ ವಿಪರೀತ ಹೆಚ್ಚಿದ್ದರೆ ಗುಲಾಬಿ ಮೂಡಿದೊಡನೆ ಅಳಿಸಿಹೋಗುತ್ತದೆ. ಕ್ಲೋರಿನ್ನೇ ಇಲ್ಲವೆಂದು ಮತ್ತಷ್ಟು ಪುಡಿ ಹಾಕುವವರೂ ಇದ್ದಾರೆ. ಎಷ್ಟೋ ಕಡೆ ಕಿಟ್ ಇರುತ್ತದೆ, ಪಂಚಾಯಿತಿಯ ಬೀರುವಿನಲ್ಲಿ, ಅವಧಿ ಮುಗಿದ ದ್ರಾವಣದೊಂದಿಗೆ. ಮೋಟಾರು, ವಾಲ್ವ್, ಸೋರಿಕೆ ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವ ನೀರುಗಂಟಿಯನ್ನು ಇದಕ್ಕಾಗಿ ಬೈದು ಪ್ರಯೋಜನವಿಲ್ಲ.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಆಗುವ ತಪ್ಪು ಇನ್ನೊಂದು. ಜೀವಾಣು ಪರೀಕ್ಷೆಯ ಬಾಟಲಿಯೊಳಗೆ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ, ನೀರಿನಲ್ಲಿರುವ ಕ್ಲೋರಿನ್ನಿನ ಕೆಲಸ ಅಲ್ಲಿಗೇ ನಿಲ್ಲಲಿ ಎಂದು. ‘ಸ್ವಚ್ಛ ಇರಲಿ’ ಎಂದು ಬಾಟಲಿ ತೊಳೆದು ತುಂಬಿದರೆ ಅದು ಹೋಯಿತು. ದಾರಿಯುದ್ದಕ್ಕೂ ಕ್ಲೋರಿನ್ ಜೀವಾಣುಗಳನ್ನು ಕೊಲ್ಲುತ್ತಲೇ ಇದ್ದು, ನಲ್ಲಿಯಲ್ಲಿ ಇಲ್ಲದ ಶುದ್ಧತೆ ವರದಿಯಲ್ಲಿ ಬರುತ್ತದೆ. ಮಂಜುಗಡ್ಡೆಯಿಲ್ಲದೆ ಬಸ್ಸಿನಲ್ಲಿ ಮರುದಿನ ತಲುಪಿದ ಬಾಟಲಿಯ ಫಲಿತಾಂಶವನ್ನೂ ನಂಬಬಾರದು.

ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅಲ್ಲಿ ನೀರು ಸೋಸುವ ಆರ್‌ಒ ಪೊರೆಗೆ ಕ್ಲೋರಿನ್ ಆಗದು, ಆದ್ದರಿಂದ ಮೊದಲೇ ಇದ್ದಿಲಿನ ಫಿಲ್ಟರಿನಲ್ಲಿ ಅದನ್ನು ತೆಗೆದಿರುತ್ತಾರೆ. ಹೊರಬರುವ ನೀರಿಗೆ ಕಾವಲೇ ಇಲ್ಲ. ಒಳಗೆ ಪಾಚಿ ಕಟ್ಟಿದ ಕ್ಯಾನಿಗೆ ಅದು ಬಿದ್ದರೆ ಮುಗಿಯಿತು.

ಈಜುಕೊಳದಲ್ಲಿ ಅಂಕಿ ಬೇರೆ: ಲೀಟರಿಗೆ 1ರಿಂದ 3 ಮಿ.ಗ್ರಾಂ. ಅಲ್ಲಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ ಕೂಡ ನೋಡಬೇಕು. ಪಿಎಚ್ 7.5ರಲ್ಲಿ ಸುಮಾರು ಅರ್ಧ ಕ್ಲೋರಿನ್ ಚುರುಕಾಗಿರುತ್ತದೆ, 8ಕ್ಕೆ ಏರಿದರೆ ಸುಮಾರು ಕಾಲು ಭಾಗ. ಬ್ಲೀಚಿಂಗ್ ಪೌಡರ್ ಹಾಕಿದಷ್ಟೂ ಪಿಎಚ್ ಏರುತ್ತದೆ ಎಂಬುದು ಇಲ್ಲಿನ ತಮಾಷೆ. ಮೂಗಿಗೆ ಅಡರಿ ಕಣ್ಣು ಉರಿಸುವ ವಾಸನೆ ಬಂದರೆ ‘ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ’ ಎಂದುಕೊಳ್ಳುತ್ತೇವೆ. ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ವಾಸನೆ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯಂತೂ ಎಂದಿನ ಪ್ರಮಾಣದ ಕ್ಲೋರಿನ್ನಿನಲ್ಲಿ ವಾರಕ್ಕೂ ಹೆಚ್ಚು ಬದುಕುತ್ತದೆ. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಲೇಬಾರದು.

ಪಂಚಾಯಿತಿ ಮತ್ತು ಪುರಸಭೆಗಳು ಒಂದು ಕಪ್ಪುಹಲಗೆ ತೂಗುಹಾಕಲಿ. ಟ್ಯಾಂಕಿನ ಬಳಿ ಕ್ಲೋರಿನ್ ಎಷ್ಟು, ಕೊನೆಯ ನಲ್ಲಿಯಲ್ಲಿ ಎಷ್ಟು, ಪುಡಿಯ ಚೀಲ ಒಡೆದ ದಿನ ಯಾವುದು ಎಂದು ದಿನವೂ ಬರೆಯಲಿ. ಎರಡು ದಿನ ಸತತ ಸೊನ್ನೆ ಬಂದ ಬೀದಿಯಲ್ಲಿ ಪುಡಿ ಹೆಚ್ಚಿಸುವುದರ ಜೊತೆಗೆ ಪೈಪು ಅಗೆದು ನೋಡಲಿ. ಈಜುಕೊಳದ ಬಾಗಿಲಲ್ಲೂ ಇಂಥದ್ದೇ ಹಲಗೆ ಇರಲಿ.

– ನಿವೃತ್ತ ಆರೋಗ್ಯ ನಿರೀಕ್ಷಕ, ದಾವಣಗೆರೆ