ಪೋಷಕರಿಗೆ ಪತ್ರ: ಟೆಲಿಸ್ಕೋಪ್ ಸದ್ಯಕ್ಕೆ ಬೇಡ, ಅಂಗಳದ ದೀಪ ಆರಿಸಿ

ದಿನಾಂಕ: 5 ಜನವರಿ 2026

ಮಾನ್ಯ ಪೋಷಕರೇ,

ನಮಸ್ಕಾರ. ಡಿಸೆಂಬರ್ 20ರ ಶನಿವಾರ ರಾತ್ರಿ ಶಾಲೆಯ ಮೈದಾನದಲ್ಲಿ ಆಕಾಶ ವೀಕ್ಷಣೆ ನಡೆದಂದಿನಿಂದ ನನ್ನ ಫೋನಿಗೆ ಬಿಡುವಿಲ್ಲ. ಆಕಾಶದ ಗುಲಾಬಿ ಮೋಡವೊಂದನ್ನು ಒಂಬತ್ತನೇ ತರಗತಿಯವರು ತೆಗೆದ ಫೋಟೊ ಪೋಷಕರ ವಾಟ್ಸಾಪ್ ಗುಂಪಿನಿಂದ ಹೊರಟು ಊರಿನ ಎಲ್ಲ ಗುಂಪುಗಳನ್ನೂ ಸುತ್ತಿ ಬಂದಿದೆ. ಈಗ ನಿಮ್ಮಲ್ಲಿ ಹತ್ತು ಹನ್ನೆರಡು ಮಂದಿಯದು ಒಂದೇ ಪ್ರಶ್ನೆ: "ಮೇಡಂ, ನಮ್ಮ ಹುಡುಗನಿಗೆ ಯಾವ ಟೆಲಿಸ್ಕೋಪ್ ಕೊಡಿಸೋಣ?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಸದ್ಯಕ್ಕೆ ಏನನ್ನೂ ಕೊಡಿಸಬೇಡಿ.

ಎಲ್ಲರೂ "ಹುಡುಗನಿಗೆ" ಎಂದೇ ಕೇಳಿದಿರಿ ಎಂಬುದನ್ನೂ ಗಮನಿಸಿದ್ದೇನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲಿಗೆ, ಆ ಫೋಟೊ ಟೆಲಿಸ್ಕೋಪಿನಲ್ಲಿ ತೆಗೆದದ್ದೇ ಅಲ್ಲ. ನಮ್ಮ ವಿದ್ಯಾರ್ಥಿಯೊಬ್ಬನ ಚಿಕ್ಕಪ್ಪ ಮದುವೆ ಫೋಟೊ ತೆಗೆಯುವವರು. ಹೊಸ ಕ್ಯಾಮೆರಾ ಕೊಂಡ ಮೇಲೆ ಮೂಲೆ ಸೇರಿದ್ದ ಹಳೆಯ ಡಿಎಸ್‌ಎಲ್‌ಆರ್ ಅನ್ನು 50 ಎಂಎಂ ಲೆನ್ಸ್ ಮತ್ತು ಟ್ರೈಪಾಡ್ ಸಮೇತ ತಂದುಕೊಟ್ಟರು. ಗುರಿ ಇಟ್ಟದ್ದು ಮಹಾವ್ಯಾಧನ (ಬೇಟೆಗಾರನ ಆಕಾರದ ಒರಾಯನ್ ನಕ್ಷತ್ರಪುಂಜ) ಸೊಂಟಪಟ್ಟಿಯ ಮೂರು ನಕ್ಷತ್ರಗಳ ಪಕ್ಕದಲ್ಲಿ ಕತ್ತಿಯಂತೆ ತೂಗುವ ಮಸುಕಿನ, ಅಂದರೆ ಅನಿಲ ಮತ್ತು ಧೂಳಿನ ಮೋಡವಾದ ನೀಹಾರಿಕೆಯ ಕಡೆಗೆ. ಭೂಮಿ ಗಂಟೆಗೆ 15 ಡಿಗ್ರಿಯಷ್ಟು ತಿರುಗುತ್ತಲೇ ಇರುತ್ತದಲ್ಲ, ಹಾಗಾಗಿ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರ ಚುಕ್ಕೆಯಾಗಿ ಉಳಿಯದೆ ಗೆರೆಯಾಗುತ್ತದೆ. ಇದಕ್ಕೆ ಹವ್ಯಾಸಿಗಳಲ್ಲಿ ಒಂದು ಮನೆಲೆಕ್ಕವಿದೆ: 500ನ್ನು ಲೆನ್ಸಿನ ಸಂಗಮದೂರದಿಂದ (ಅದರ ಮೇಲೆ ಬರೆದಿರುವ ಎಂಎಂ ಸಂಖ್ಯೆ) ಭಾಗಿಸಿ. 50 ಎಂಎಂ ಆದರೆ 10 ಸೆಕೆಂಡು. ಆ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಾದ್ದರಿಂದ ಆರು ಸೆಕೆಂಡಿಗೇ ಇಳಿಯುತ್ತದೆ. ಮಕ್ಕಳು ಐದಕ್ಕೆ ಇಟ್ಟುಕೊಂಡು, ಒಂದರ ಹಿಂದೊಂದು ನೂರು ಫೋಟೊ ತೆಗೆದರು.

ಅದರಲ್ಲಿ ಯಾವುದಾದರೂ ಒಂದನ್ನು ದೊಡ್ಡದು ಮಾಡಿ ನೋಡಿದರೆ ಕಪ್ಪು ಬಟ್ಟೆಯ ಮೇಲೆ ರಾಗಿ ಚೆಲ್ಲಿದ ಹಾಗಿದೆ. ಆದರೆ ಈ ರಾಗಿಕಾಳು ಪ್ರತಿ ಫೋಟೊದಲ್ಲೂ ಬೇರೆ ಬೇರೆ ಕಡೆ ಬಿದ್ದಿರುತ್ತದೆ, ನಕ್ಷತ್ರ ಮಾತ್ರ ನಕ್ಷತ್ರಗಳ ನಡುವಿನ ತನ್ನ ಜಾಗ ಬಿಡುವುದಿಲ್ಲ. ನೂರನ್ನೂ ನಕ್ಷತ್ರಕ್ಕೆ ನಕ್ಷತ್ರ ಕೂರಿಸಿ ಸರಾಸರಿ ತೆಗೆದರೆ ಕಾಳು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೂರರ ವರ್ಗಮೂಲ ಹತ್ತು, ಎಂಟನೇ ತರಗತಿಯ ಗಣಿತ. ಕೊನೆಗೆ ಲೆನ್ಸಿನ ಮುಚ್ಚಳ ಹಾಕಿ ಇಪ್ಪತ್ತು ಫೋಟೊ ತೆಗೆಯಬೇಕು ಎಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅದು ಕ್ಯಾಮೆರಾ ತಾನೇ ಹುಟ್ಟಿಸುವ ಕಲೆಗಳನ್ನು ಹಿಡಿದು ಕಳೆಯುವುದಕ್ಕೆ. ಈ ಕೂಡಿ ಕಳೆಯುವ ಕೆಲಸವನ್ನೆಲ್ಲ ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶ ಮಾಡಿತು. ನಮ್ಮ ಕಂಪ್ಯೂಟರ್ ಕೊಠಡಿಯ ಹಳೆಯ ಯಂತ್ರ ಅದನ್ನು ಮುಗಿಸುವ ಹೊತ್ತಿಗೆ ಒಂದು ಪಾಠದ ಅವಧಿ ಕಳೆದಿತ್ತು. ಪರದೆಯ ಮೇಲೆ ಆ ಗುಲಾಬಿ ಬಣ್ಣದ ಮೋಡ ಎದ್ದು ಬಂದಾಗ ಕೊಠಡಿಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಅಲ್ಲಿದ್ದೆ.

ಅಂದು ರಾತ್ರಿ ನಮ್ಮ ವಿಜ್ಞಾನ ಶಿಕ್ಷಕರ ಸ್ವಂತ ಆರು ಇಂಚಿನ ಟೆಲಿಸ್ಕೋಪಿನಲ್ಲಿ ಇದೇ ನೀಹಾರಿಕೆಯನ್ನು ನೋಡಿದ ಕೆಲವರು, ಬೂದಿ ಬಣ್ಣದ ಹೊಗೆ ಕಂಡಿತೇ ಹೊರತು ಗುಲಾಬಿ ಎಲ್ಲಿ, ಫೋಟೊಕ್ಕೆ ಬಣ್ಣ ಬಳಿದಿದ್ದೀರಾ ಎಂದು ಕೇಳಿದ್ದೀರಿ. ಬಳಿದಿಲ್ಲ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ; ಕ್ಯಾಮೆರಾ ಬೆಳಕನ್ನು ಕೂಡಿಡುತ್ತದೆ, ಕಣ್ಣು ಕೂಡಿಡುವುದಿಲ್ಲ. ಆ ಕೆಂಪು ಜಲಜನಕದ್ದು. ಸುಮಾರು 1,300 ಜ್ಯೋತಿರ್ವರ್ಷ ದೂರದಿಂದ ಬಂದದ್ದು. ಅಂದರೆ ಆ ಬೆಳಕು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಇನ್ನೂ ಹೆಚ್ಚು ಹೊತ್ತು ಶಟರ್ ತೆರೆಯಬೇಕೆಂದರೆ ಕ್ಯಾಮೆರಾವನ್ನು ಆಕಾಶದ ಜೊತೆಯಲ್ಲೇ ತಿರುಗಿಸಬೇಕು. ಅಂಗಡಿಯಲ್ಲಿ ಅದಕ್ಕೆ ಸಾವಿರಾರು ರೂಪಾಯಿಯ ಯಂತ್ರಗಳಿವೆ. ನಮ್ಮಲ್ಲಿ ಬಡಗಿ ಕೆಲಸ ಮಾಡುವ ಪೋಷಕರೊಬ್ಬರಿದ್ದಾರೆ. ಎರಡು ಹಲಗೆ, ಒಂದು ಬಿಜಾಗರಿ, ತಿರುಪಿನ ಗೆರೆಗಳಿರುವ ಒಂದು ಆರು ಎಂಎಂ ಥ್ರೆಡ್ ರಾಡ್‌ನಲ್ಲಿ ಮುಗಿಸಿದರು. ಈ ರಾಡ್ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ಬಿಜಾಗರಿಯಿಂದ 229 ಮಿಲಿಮೀಟರ್ ದೂರದಲ್ಲಿ ಅದನ್ನು ಕೂರಿಸಿ ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಕ್ಯಾಮೆರಾ ಹೊತ್ತ ಮೇಲಿನ ಹಲಗೆ ನಕ್ಷತ್ರಗಳ ವೇಗದಲ್ಲೇ ಏಳುತ್ತದೆ. ಮೊದಲ ಸಲ ಹಲಗೆಯ ಅಂಚಿನಿಂದ ಅಳೆದದ್ದು ನನ್ನ ತಪ್ಪು. ಅಳೆಯಬೇಕಾದದ್ದು ಬಿಜಾಗರಿಯ ಕಡ್ಡಿಯ ನಡುವಿನಿಂದ. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸಕ್ಕೆ ನಕ್ಷತ್ರಗಳೆಲ್ಲ ಜೀರಿಗೆ ಕಾಳಿನಂತೆ ಉದ್ದವಾದವು. ಈಗ ಸರಿಪಡಿಸಿದ್ದಾರೆ. ಬಿಜಾಗರಿಯ ಕಡ್ಡಿ ಧ್ರುವ ನಕ್ಷತ್ರದ ಕಡೆ ತೋರಬೇಕು. ನಮ್ಮ ಚಿತ್ರದುರ್ಗದ ಕಡೆ ಧ್ರುವ ದಿಗಂತದಿಂದ ಮೇಲೆ 14 ಡಿಗ್ರಿಯಷ್ಟೇ, ಚಾಚಿದ ಕೈಯ ಒಂದೂವರೆ ಮುಷ್ಟಿ. ಶಾಲೆಯ ಉತ್ತರಕ್ಕೆ ಸರಿಯಾಗಿ ಅದೇ ಎತ್ತರದಲ್ಲಿ ಹೈಮಾಸ್ಟ್ ದೀಪವೊಂದು ಉರಿಯುತ್ತದೆ. ಅದನ್ನು ಎರಡು ಗಂಟೆ ಆರಿಸಿಕೊಡಿ ಎಂದು ಸಂಬಂಧಪಟ್ಟವರಿಗೆ ಎರಡು ಸಲ ಅರ್ಜಿ ಕೊಟ್ಟೆ. ಸ್ವಿಚ್ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಇನ್ನೂ ಪತ್ತೆಯಾಗಿಲ್ಲ.

ಇನ್ನು ಕೊಳ್ಳುವ ವಿಚಾರ. ನೀವು ನನಗೆ ಕಳಿಸಿದ ಜಾಹೀರಾತುಗಳಲ್ಲಿ "525 ಪಟ್ಟು ದೊಡ್ಡದಾಗಿ ಕಾಣುತ್ತದೆ" ಎಂದು ಬರೆದಿದೆ. ಟೆಲಿಸ್ಕೋಪಿನ ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನ ಆಚೆಗೆ ಏನೂ ಸಿಗುವುದಿಲ್ಲ; 60 ಎಂಎಂ ಗಾಜಿಗೆ 120 ಪಟ್ಟೇ ಕೊನೆ. ಮೇಲಿನದ್ದೆಲ್ಲ ಮಸುಕು. ಅದರ ಕಡ್ಡಿಕಾಲಿನ ಸ್ಟ್ಯಾಂಡು ಉಸಿರು ಬಿಟ್ಟರೆ ಅಲುಗುತ್ತದೆ. ಅಂಥದ್ದೊಂದು ನಮ್ಮ ಪೋಷಕರೊಬ್ಬರ ಮನೆಯ ಬೀರುವಿನ ಮೇಲೆ ಮಲಗಿದೆ, ಹೆಸರು ಹೇಳುವುದಿಲ್ಲ. ಕೊಡಿಸಲೇಬೇಕು ಎನ್ನುವವರು 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಎಂಎಂ ಗಾಜಿನ) ಬೈನಾಕ್ಯುಲರ್ ಕೊಡಿಸಿ. ಮಗು ಒಂದು ವರ್ಷ ಅದನ್ನು ಬಿಡದೆ ಬಳಸಿದರೆ ಆಗ ಆರು ಇಂಚಿನ ಡಾಬ್ಸೋನಿಯನ್ ಎಂಬ ಕನ್ನಡಿ ಟೆಲಿಸ್ಕೋಪಿನ ಬಗ್ಗೆ ಮಾತಾಡೋಣ. ಅದಕ್ಕೆ ಆ ಹೆಸರು ಬರಲು ಕಾರಣರಾದ ಜಾನ್ ಡಾಬ್ಸನ್ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದ ವೇದಾಂತ ಮಠದಲ್ಲಿ ಸಂನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಗಾಜನ್ನು ತಿಕ್ಕಿ ಕನ್ನಡಿ ಮಾಡಿ, ಹಲಗೆಪೆಟ್ಟಿಗೆಯಲ್ಲಿ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ಕರೆಕರೆದು ಚಂದ್ರನನ್ನು ತೋರಿಸುತ್ತಿದ್ದರು. ಮಠದವರು 1967ರಲ್ಲಿ ಅವರನ್ನು ಹೊರಹಾಕಿದರು. ಅವರ ಪೆಟ್ಟಿಗೆಯ ಮಾದರಿ ಇಂದು ಜಗತ್ತಿನ ಎಲ್ಲೆಡೆ ಇದೆ.

ಒಂದು ಎಚ್ಚರಿಕೆ. ಬೈನಾಕ್ಯುಲರ್ ಆಗಲಿ, ಕ್ಯಾಮೆರಾ ಲೆನ್ಸ್ ಆಗಲಿ, ಹಗಲಿನಲ್ಲಿ ಮಕ್ಕಳ ಕೈಗೆ ಒಂಟಿಯಾಗಿ ಕೊಡಬೇಡಿ. ಅದರ ಮೂಲಕ ಸೂರ್ಯನನ್ನು ಒಂದು ಕ್ಷಣ ನೋಡಿದರೂ ಕಣ್ಣು ಹೋಗುತ್ತದೆ.

ಅಂದಿನ ರಾತ್ರಿ ನನಗೆ ಫೋಟೊಕ್ಕಿಂತ ಹೆಚ್ಚು ನೆನಪಿರುವುದು ಎಂಟನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ. ಮೊಮ್ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲದೆ ಕಂಬಳಿ ಹೊದ್ದು ತಾವೇ ಬಂದಿದ್ದರು. ಮಹಾವ್ಯಾಧನ ಹೆಗಲಿನ ಕೆಂಪು ನಕ್ಷತ್ರವೇ ಆರಿದ್ರಾ ಎಂದು ನಮ್ಮ ಶಿಕ್ಷಕರು ತೋರಿಸಿದರು. "ಆರಿದ್ರಾ ಮಳೆಯನ್ನು ಅರವತ್ತು ವರ್ಷ ನೋಡಿದ್ದೇನೆ. ಆಗ ಈ ಚುಕ್ಕಿ ಒಂದು ದಿನವೂ ಕಾಣಲಿಲ್ಲವಲ್ಲ?" ಎಂದರು ಅಜ್ಜಿ. ಮೋಡವಿರುತ್ತದಲ್ಲ ಎಂದು ನಾನೇ ಬಾಯಿ ಹಾಕಿದೆ. "ಮಳೆ ಕೈಕೊಟ್ಟ ವರ್ಷವೂ ಕಾಣಲಿಲ್ಲ" ಎಂದರು.

ಅವರ ಮಾತೇ ಸರಿ. ಸೂರ್ಯ ಆರಿದ್ರಾ ನಕ್ಷತ್ರದ ಬಳಿ ಬಂದು ನಿಂತಾಗ, ಅಂದರೆ ಜೂನ್ ಕೊನೆಯ ಹೊತ್ತಿಗೆ, ಆ ಮಳೆ ಆರಂಭವಾಗುತ್ತದೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಹಗಲಿನಲ್ಲಿ ನೆತ್ತಿಯ ಮೇಲಿದ್ದರೂ ಕಾಣುವಂತಿಲ್ಲ. ಆರು ತಿಂಗಳು ಕಳೆದರೆ ಸಂಜೆಯೇ ಪೂರ್ವದಲ್ಲಿ ಏಳುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ಕಾಲದಲ್ಲಿ ಕಾಣುವುದೇ ಇಲ್ಲ. ಮಳೆ ನಕ್ಷತ್ರಗಳ ಹೆಸರನ್ನು ನಾನು ಚಿಕ್ಕಂದಿನಿಂದ ಕೇಳಿದವಳು, ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಇದು ಒಮ್ಮೆಯೂ ಹೊಳೆದಿರಲಿಲ್ಲ.

ಆ ಅಜ್ಜಿ ಬರದಿದ್ದರೆ ಆ ಹುಡುಗಿಯೂ ಬರುತ್ತಿರಲಿಲ್ಲ. ಅಂದು ಬಂದ ಮೂವತ್ತೊಂದು ಮಕ್ಕಳಲ್ಲಿ ಹೆಣ್ಣುಮಕ್ಕಳು ಆರು. ರಾತ್ರಿ ಹೊತ್ತು, ದೂರ, ಜನ ಏನೆನ್ನುತ್ತಾರೋ: ನಿಮ್ಮ ಅಂಜಿಕೆ ನನಗೆ ಗೊತ್ತು, ನಾನೂ ಇಬ್ಬರು ಹೆಣ್ಣುಮಕ್ಕಳ ತಾಯಿ. ಅದಕ್ಕೇ ಕೇಳುತ್ತಿದ್ದೇನೆ, ನೀವೂ ಜೊತೆಗೆ ಬನ್ನಿ. ತಾಯಂದಿರು, ಅಜ್ಜಿಯರು, ಯಾರಾದರೂ ಸರಿ. ಇಬ್ಬರು ಶಿಕ್ಷಕಿಯರು ಮತ್ತು ನಾನು ಕೊನೆಯ ಮಗು ಮನೆ ಸೇರುವವರೆಗೆ ಇರುತ್ತೇವೆ.

ಮುಂದಿನ ವೀಕ್ಷಣೆ ಇದೇ ಜನವರಿ 17ರ ಶನಿವಾರ, ಸಂಜೆ ಏಳರಿಂದ ಹತ್ತರವರೆಗೆ. ಅಮಾವಾಸ್ಯೆಯ ಹಿಂದಿನ ರಾತ್ರಿಯೇ ಏಕೆ ಎಂದು ಕೆಲವರು ಮುಖ ಸಿಂಡರಿಸಿದ್ದೀರಂತೆ. ಚಂದ್ರನಿಲ್ಲದ ರಾತ್ರಿ ನಕ್ಷತ್ರಗಳಿಗೆ ಹಬ್ಬ, ಅಷ್ಟೇ ಕಾರಣ. ಪೂರ್ವದಲ್ಲಿ ಪುನರ್ವಸು ನಕ್ಷತ್ರಗಳ ಬಳಿ ಗುರು ಹೊಳೆಯುತ್ತಿರುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ಅದರ ನಾಲ್ಕು ಉಪಗ್ರಹಗಳು ಬೈನಾಕ್ಯುಲರನ್ನು ಗೋಡೆಗೆ ಒತ್ತಿ ಅಲುಗದೆ ಹಿಡಿದರೆ ಕಾಣುತ್ತವೆ. ಪಶ್ಚಿಮದ ಶನಿಯನ್ನು ನೋಡುವವರು ಮೊದಲೇ ಬನ್ನಿ. ಬಳೆ ಎಲ್ಲಿ ಎಂದು ಬೇಸರಪಡಬೇಡಿ. ಈಗ ಬಳೆಯ ಅಂಚು ನಮ್ಮ ಕಡೆಗಿದೆ, ಸೂಜಿಯಂತೆ ಸಣ್ಣ ಗೆರೆ ಕಾಣುತ್ತದೆ. ಬರುವ ವರ್ಷಗಳಲ್ಲಿ ಅದು ಅಗಲವಾಗುತ್ತಾ ಹೋಗುತ್ತದೆ.

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಮೊಬೈಲ್ ಪರದೆಯ ಒಂದು ನೋಟ ಅದನ್ನು ಕೆಡಿಸುತ್ತದೆ. ಫೋನು ಜೇಬಿನಲ್ಲಿರಲಿ, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ತನ್ನಿ. ಶಾಲೆಯ ಸುತ್ತಲಿನ ಮನೆಯವರು ಆ ಮೂರು ಗಂಟೆ ಅಂಗಳದ ಮತ್ತು ಗೇಟಿನ ಎಲ್‌ಇಡಿ ದೀಪ ಆರಿಸಿದರೆ ದೊಡ್ಡ ಉಪಕಾರ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪವನ್ನು ನಾವಂತೂ ಆರಿಸಲಾರೆವು. ಮಕ್ಕಳು ಅದನ್ನೂ ಒಂದು ನಕ್ಷತ್ರಪುಂಜ ಎಂದುಕೊಂಡು ಹೆಸರಿಟ್ಟಿದ್ದಾರೆ.

ಸ್ವೆಟರ್, ಚಾಪೆ, ನೀರು ತನ್ನಿ. ಮಂಡಕ್ಕಿ ಮತ್ತು ಚಹಾ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರದು. ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಮಾಡಿ, ಜೊತೆಗೆ ಬರುವವರು ಯಾರೆಂದು ಬರೆದು, ಸಂಕ್ರಾಂತಿ ರಜೆಗೆ ಮುಂಚೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ

ವಿ.ಸೂ.: ಕಳೆದ ಸಲ ಮೈದಾನದಲ್ಲಿ ಒಂದು ನೀಲಿ ಉಲ್ಲನ್ ಟೋಪಿ, ಒಂದು ಸ್ಟೀಲ್ ಡಬ್ಬಿ ಮತ್ತು ಎಡಗಾಲಿನ ಚಪ್ಪಲಿ ಸಿಕ್ಕಿವೆ. ನನ್ನ ಕಚೇರಿಯಲ್ಲಿವೆ. ಒಂದೇ ಚಪ್ಪಲಿಯಲ್ಲಿ ಮನೆಗೆ ಹೋದವರು ಯಾರೆಂದು ಇನ್ನೂ ತಿಳಿದಿಲ್ಲ.